ಮತ್ತೆ ಸೂಜಿ ಏಕೆ?

ಮಗುವಿಗೆ ಆರನೆಯ ವಾರದಲ್ಲಿ ಸೂಜಿ ಹಾಕಿಸಿದ್ದಾಗಿದೆ. ಆ ರಾತ್ರಿ ಮೈ ಬೆಚ್ಚಗಾಗಿ, ತೊಡೆ ಊದಿ, ಮನೆಮಂದಿಗೆಲ್ಲ ಜಾಗರಣೆಯೂ ಆಗಿದೆ. ಹತ್ತನೆಯ ವಾರದಲ್ಲಿ ಅದೇ ಮದ್ದು, ಹದಿನಾಲ್ಕನೆಯ ವಾರದಲ್ಲಿ ಮತ್ತೆ ಅದೇ ಮದ್ದು ಎಂದರೆ, ಮನೆಯ ಹಿರಿಯರು "ಒಂದು ಸಲ ಹಾಕಿಸಿದ್ದು ಸಾಲದೆ? ಕೂಸನ್ನೇಕೆ ಗೋಳುಹೊಯ್ದುಕೊಳ್ಳುತ್ತೀರಿ?" ಎಂದು ಕೇಳುವುದು ಸಹಜ. ಇದು ಒಳ್ಳೆಯ ಪ್ರಶ್ನೆಯೇ. ಗದರಿಸಿ ಸುಮ್ಮನಾಗಿಸುವಂಥದಲ್ಲ. ಉತ್ತರ ಹೇಳಬೇಕಾದರೆ, ಶರೀರವು ಹೊರಗಿನಿಂದ ಬಂದವರನ್ನು ಹೇಗೆ ಗುರುತು ಹಿಡಿಯುತ್ತದೆಂಬುದನ್ನು ಮೊದಲು ತಿಳಿಯಬೇಕು.

ಶರೀರಕ್ಕೆ ರೋಗದ ಹೆಸರು ತಿಳಿಯದು; ಅದು ಬಲ್ಲದ್ದು ಆಕಾರವನ್ನು. ರೋಗಾಣುವಿನ ಹೊರಮೈಯ ಪ್ರೋಟೀನಿನ ಒಂದು ತುಣುಕು, ಅದು ಕಾರಿದ ವಿಷದ ಒಂದು ಮೂಲೆ, ಬೇರೆ ಗುಂಪಿನ ರಕ್ತಕಣಕ್ಕೆ ಅಂಟಿಕೊಂಡಿರುವ ಸಕ್ಕರೆಯ ಅಂಶ – ಹೀಗೆ ಶರೀರವು ಗುರುತಿಸಿ ಎದುರು ನಿಲ್ಲಬಲ್ಲ ವಸ್ತುವಿಗೆ ಪ್ರತಿಜನಕ ಅಥವಾ ಆಂಟಿಜೆನ್ ಎಂದು ಹೆಸರು. ಅದು ಸ್ವತಃ ಕೆಟ್ಟದ್ದೇ ಆಗಿರಬೇಕೆಂದಿಲ್ಲ. 'ಎ' ಗುಂಪಿನವರ ಪ್ರಾಣವನ್ನು ಕಾಯುವ ರಕ್ತವೇ 'ಬಿ' ಗುಂಪಿನವರ ಪ್ರಾಣಕ್ಕೆ ಎರವಾದೀತು. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತವನ್ನು ಗುಂಪುಗಳಾಗಿ ವಿಂಗಡಿಸಿದ್ದು ಇಂಥ ಗುರುತುಗಳ ಆಧಾರದ ಮೇಲೆಯೇ.

ಕಾಲಿಗೆ ಮುಳ್ಳು ನೆಟ್ಟು ಕೀವಾದಾಗ ತೊಡೆಯ ಸಂದಿಯಲ್ಲಿ ಗಂಟು ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಗಾಯವಾದದ್ದು ಪಾದದಲ್ಲಿ, ಗಂಟು ಅಷ್ಟು ಮೇಲೇಕೆ? ಗಾಯದ ಬಳಿ ಕಾವಲಿರುವ ಕೆಲವು ಕಣಗಳು ರೋಗಾಣುವನ್ನು ನುಂಗಿ, ಅದರ ತುಣುಕುಗಳನ್ನು ತಮ್ಮ ಮೈಮೇಲೆ ಎತ್ತಿ ಹಿಡಿದುಕೊಂಡು, ದುಗ್ಧರಸದ ನಾಳಗಳ ಮೂಲಕ ಆ ಗ್ರಂಥಿಗೆ ಬರುತ್ತವೆ. ಅಲ್ಲಿ ಬಿಳಿಯ ರಕ್ತಕಣಗಳ ದೊಡ್ಡ ಸಂತೆಯೇ ನೆರೆದಿರುತ್ತದೆ. ಒಂದೊಂದು ಕಣವೂ ಒಂದೊಂದು ಬಗೆಯ ಆಕಾರವನ್ನು ಮಾತ್ರ ಹಿಡಿಯಬಲ್ಲದು. ವಿಸ್ಮಯವೆಂದರೆ, ಬೀಗ ಬರುವುದಕ್ಕೆ ಮೊದಲೇ ಅಲ್ಲಿ ಕೀಲಿಕೈ ಸಿದ್ಧವಾಗಿರುತ್ತದೆ. ನಾವು ಎಂದೂ ಕಾಣದ ರೋಗಕ್ಕೂ ಹೊಂದಬಲ್ಲ ಕೆಲವು ಕಣಗಳು ಹುಟ್ಟಿನಿಂದಲೇ ನಮ್ಮಲ್ಲಿರುತ್ತವೆ. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ 1957ರಲ್ಲಿ ಮಂಡಿಸಿದ ಸಿದ್ಧಾಂತವಿದು. ಹೊಂದಿಕೆಯಾದ ಕಣವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತ ಹೋಗುವುದರಿಂದಲೇ ಗ್ರಂಥಿ ಊದುತ್ತದೆ. ಹೀಗೆ ಬೆಳೆದ ಕಣಗಳಲ್ಲಿ ಕೆಲವು ರೋಗಾಣು ಹೊಕ್ಕ ಜೀವಕೋಶಗಳನ್ನು ಕೊಲ್ಲುತ್ತವೆ. ಕೆಲವು ಪ್ರತಿಕಾಯಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಈ ಪ್ರತಿಕಾಯಗಳು ಪ್ರತಿಜನಕಕ್ಕೆ ಅಂಟಿಕೊಂಡು ಅದರ ಆಟವನ್ನು ನಿಲ್ಲಿಸುತ್ತವೆ. ಮೊದಲ ಸಲ ಇದಕ್ಕೆಲ್ಲ ಒಂದೆರಡು ವಾರ ಹಿಡಿಯುತ್ತದೆ. ರೋಗಿ ಮಲಗುವುದು ಆ ಅವಧಿಯಲ್ಲಿಯೇ. ಕೆಲಸ ಮುಗಿದ ಮೇಲೂ ಕೆಲವು ಕಣಗಳು ನೆನಪಿಟ್ಟುಕೊಂಡು ಉಳಿಯುತ್ತವೆ; ಅದೇ ಆಕಾರ ಮತ್ತೆ ಬಂದರೆ ಕೆಲವೇ ದಿನಗಳಲ್ಲಿ ಎದ್ದು ನಿಲ್ಲುತ್ತವೆ.

ಈ ನೆನಪು ಎಷ್ಟು ಕಾಲ ಉಳಿದೀತು? ಇದಕ್ಕೆ ಉತ್ತರ ಸಿಕ್ಕಿದ್ದು ಅಟ್ಲಾಂಟಿಕ್ ಸಾಗರದ ಉತ್ತರ ಮೂಲೆಯ ಫೆರೋ ದ್ವೀಪಗಳಲ್ಲಿ. ಅಲ್ಲಿ 1781ರಲ್ಲಿ ದಡಾರ ಬಂದು ಹೋಗಿತ್ತು. ಆಮೇಲೆ ಅದರ ಸುಳಿವೇ ಇರಲಿಲ್ಲ. 1846ರಲ್ಲಿ ಹಡಗಿನಲ್ಲಿ ಬಂದವರೊಬ್ಬರಿಂದ ಅದು ಮತ್ತೆ ಹಬ್ಬಿ, 7,800ರಷ್ಟು ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. ಡೆನ್ಮಾರ್ಕ್ ಸರ್ಕಾರ ಕಳಿಸಿದ ತರುಣ ವೈದ್ಯ ಪೀಟರ್ ಪನುಮ್ ಹಳ್ಳಿಹಳ್ಳಿ ತಿರುಗಿ ವಿಚಾರಿಸಿದನು. 65 ವರ್ಷಗಳ ಹಿಂದೆ ದಡಾರ ಉಂಡಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ಮರುಕಳಿಸಿರಲಿಲ್ಲ! ಎಳವೆಯಲ್ಲಿ ಅದರಿಂದ ತಪ್ಪಿಸಿಕೊಂಡಿದ್ದ ವೃದ್ಧರನ್ನಾದರೋ ಅದು ಬಿಡಲಿಲ್ಲ. ಹಾಗಾದರೆ ರೋಗ ಬಂದು ಹೋಗುವುದೇ ಲೇಸೆಂದು ಯಾರೂ ತಿಳಿಯಬಾರದು. ದಡಾರವು ತನ್ನ ನೆನಪನ್ನು ಬಿಟ್ಟು, ಬೇರೆ ರೋಗಗಳ ನೆನಪನ್ನು ಅಳಿಸುತ್ತದೆ. ಲಸಿಕೆ ಪಡೆಯದ 77 ಡಚ್ ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಮೊದಲಿದ್ದ ಪ್ರತಿಕಾಯಗಳ ಬಗೆಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ದಡಾರದಿಂದ ನಷ್ಟವಾಗಿದ್ದವು. ಲಸಿಕೆಯಿಂದ ಇಂಥ ನಷ್ಟವಿಲ್ಲ.

ಧನುರ್ವಾಯುವಿನ ರೀತಿಯೇ ಬೇರೆ. ಅದರ ವಿಷ ಎಷ್ಟು ಉಗ್ರವೆಂದರೆ, ಕೊಲ್ಲಲು ಸಾಕಾಗುವ ಪ್ರಮಾಣವು ಶರೀರಕ್ಕೆ ಗುರುತು ಹತ್ತಲು ಸಾಲದು. ಆದಕಾರಣ ಧನುರ್ವಾಯುವಿನಿಂದ ಬದುಕಿ ಎದ್ದವರೂ ಸೂಜಿ ಹಾಕಿಸಿಕೊಳ್ಳಲೇಬೇಕು. 1920ರ ದಶಕದಲ್ಲಿ ಫ್ರಾನ್ಸಿನ ಗ್ಯಾಸ್ಟನ್ ರಾಮೊನ್, ಫಾರ್ಮಾಲಿನ್ ಬೆರೆಸಿ ಹದವಾಗಿ ಕಾಯಿಸಿದರೆ ಇಂಥ ವಿಷದ ನಂಜು ಹೋಗಿ ಆಕಾರ ಉಳಿಯುವುದೆಂದು ತೋರಿಸಿದನು. ಹಲ್ಲು ಕಿತ್ತ ಹಾವೆನ್ನಿ. ನೋಡಲು ಹಾವೇ, ಗುರುತು ಕಲಿಯಲು ಅಷ್ಟು ಸಾಕು.

ಆದರೆ ಹೀಗೆ ಹದಗೊಳಿಸಿದ ವಿಷ ಶರೀರದಲ್ಲಿ ಬೆಳೆಯುವುದಿಲ್ಲ. ಸ್ವಲ್ಪ ಕಾಲವಿದ್ದು ಕರಗಿಹೋಗುತ್ತದೆ. ಮೊದಲ ಸೂಜಿಯಿಂದ ಹುಟ್ಟುವ ನೆನಪಿನ ಕಣಗಳು ಕೆಲವೇ; ಪ್ರತಿಕಾಯಗಳ ಹಿಡಿತವೂ ಸಡಿಲ. ಎರಡನೆಯ, ಮೂರನೆಯ ಸೂಜಿಗಳಲ್ಲಿ ಅದೇ ಆಕಾರ ಮತ್ತೆ ಎದುರಾದಾಗ ಕಣಗಳ ಸಂಖ್ಯೆ ಬೆಳೆಯುತ್ತದೆ. ಅವುಗಳಲ್ಲಿಯೂ ಹೆಚ್ಚು ಬಿಗಿಯಾಗಿ ಹಿಡಿಯಬಲ್ಲವು ಮುಂದೆ ಬರುತ್ತವೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳ ಮದ್ದನ್ನು ಮೂರು ಸಲ ಕೊಟ್ಟು, ಒಂದೂವರೆ ವರ್ಷದ ಹೊತ್ತಿಗೊಮ್ಮೆ, ಐದಾರನೆಯ ವರ್ಷದಲ್ಲೊಮ್ಮೆ ಮೊದಲ ಮೂರು ರೋಗಗಳದನ್ನು ಮತ್ತೆ ಕೊಡುವುದು ಇದಕ್ಕಾಗಿಯೇ. ಗರ್ಭಿಣಿಯರಿಗೆ ಧನುರ್ವಾಯುವಿನ ಸೂಜಿ ಹಾಕಿದರೆ ತಾಯಿಯ ಪ್ರತಿಕಾಯಗಳು ಕೂಸಿಗೂ ಇಳಿಯುತ್ತವೆ. ಹಾಗೆ ಬಂದದ್ದು ಎರವಲಿನ ಒಡವೆ. ಕೆಲವು ತಿಂಗಳಲ್ಲಿ ಕರಗುತ್ತದೆ. ಅಷ್ಟರೊಳಗೆ ಮಗು ತನ್ನದನ್ನು ಗಳಿಸಿಕೊಳ್ಳಬೇಕು.

ಸೂಜಿ ಹಾಕಿಸಿದ ರಾತ್ರಿ ಜ್ವರ ಬರಲಿಲ್ಲವೆಂದು ಮದ್ದು ಹತ್ತಲಿಲ್ಲವೆಂದು ಭಾವಿಸಬೇಕಾಗಿಲ್ಲ. ಊರಿಗೆ ಹೋದದ್ದರಿಂದಲೋ ನೆಗಡಿಯಿಂದಲೋ ನಿಗದಿಯಾದ ದಿನ ತಪ್ಪಿಹೋಗಿದ್ದರೆ, "ಇನ್ನು ಮೊದಲಿನಿಂದ ಆಗಬೇಕಲ್ಲ" ಎಂದು ಹಿಂಜರಿಯುವುದೂ ಬೇಡ. ಮೊದಲ ಸೂಜಿಯಲ್ಲಿ ಕಲಿತ ಕಣಗಳು ತಿಂಗಳುಗಳು ಕಳೆದರೂ ಅಲ್ಲಿಯೇ ಇರುತ್ತವೆ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಿನದನ್ನು ಹಾಕಿಸಿದರಾಯಿತು. ಮಗುವಿನ ಚೀಟಿಯನ್ನು ಮಾತ್ರ ಮರೆಯದೆ ಕೊಂಡೊಯ್ಯಿರಿ.