ಊರಂಚಿನ ಹಿತ್ತಲಿನಿಂದ ನೀಹಾರಿಕೆಗಳ ಛಾಯಾಚಿತ್ರಣ

ನಕ್ಷತ್ರಗಳ ನಡುವಣ ಅವಕಾಶದಲ್ಲಿ ಹರಡಿಕೊಂಡಿರುವ ಅನಿಲ ಮತ್ತು ದೂಳಿನ ಬೃಹತ್ ಮೋಡಗಳನ್ನು ನೀಹಾರಿಕೆಗಳೆಂದು ಕರೆಯಲಾಗುತ್ತದೆ. ಮಹಾವ್ಯಾಧ ನಕ್ಷತ್ರಮಂಡಲದ ಬೇಟೆಗಾರನ ನಡುಪಟ್ಟಿಯ ಕೆಳಗೆ, ಅವನ ಖಡ್ಗದ ಸ್ಥಾನದಲ್ಲಿರುವ ನೀಹಾರಿಕೆಯು ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿದ್ದರೂ ಬರಿಗಣ್ಣಿಗೆ ಮಸುಕಾಗಿ ಗೋಚರಿಸುವಷ್ಟು ಪ್ರಕಾಶವುಳ್ಳದ್ದು. ಉಳಿದವುಗಳಲ್ಲಿ ಬಹುಪಾಲು ದೀಪಗಳಿಲ್ಲದ ಊರುಗಳಲ್ಲಿಯೂ ಕಣ್ಣಿಗೆ ಕಾಣಸಿಗುವುದಿಲ್ಲ. ಹೀಗಿರುವಾಗ ಬೀದಿದೀಪಗಳ ಬೆಳಕಿನಿಂದ ಆಕಾಶವೇ ಬೂದುಬಣ್ಣಕ್ಕೆ ತಿರುಗಿದ ಬಡಾವಣೆಯೊಂದರ ಹಿತ್ತಲಿನಲ್ಲಿ ನಿಂತು ಅವುಗಳ ಚಿತ್ರ ತೆಗೆಯುವುದು ಅಸಾಧ್ಯವೆಂದು ತೋರುವುದು ಸಹಜ. ಆದರೂ ಅದು ಸಾಧ್ಯವಾಗಿದೆ, ಮತ್ತು ಅದಕ್ಕೆ ಮುಖ್ಯ ಕಾರಣವಿರುವುದು ಉಪಕರಣದ ಬೆಲೆಯಲ್ಲಲ್ಲ, ನೀಹಾರಿಕೆಗಳು ಬೆಳಗುವ ರೀತಿಯಲ್ಲಿ.

ಆ ರೀತಿಯನ್ನು ಮೊದಲು ಕಂಡುಕೊಂಡದ್ದೂ ನಗರದಂಚಿನ ಮನೆಯೊಂದರಿಂದಲೇ. ದಕ್ಷಿಣ ಲಂಡನ್ನಿನ ಟಲ್ಸ್ ಹಿಲ್‌ನಲ್ಲಿ ಸ್ವಂತ ವೀಕ್ಷಣಾಲಯವನ್ನು ಕಟ್ಟಿಕೊಂಡಿದ್ದ ಹವ್ಯಾಸಿ ವಿಲಿಯಂ ಹಗಿನ್ಸ್ 1864ರ ಆಗಸ್ಟ್ 29ರಂದು ಉತ್ತರ ಆಕಾಶದ ನೀಹಾರಿಕೆಯೊಂದರ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ, ನಕ್ಷತ್ರಗಳಲ್ಲಿ ಕಾಣುವ ಅವಿಚ್ಛಿನ್ನ ವರ್ಣಪಟ್ಟಿಯ ಬದಲು ಬಿಡಿಬಿಡಿಯಾದ ಕೆಲವೇ ಗೆರೆಗಳು ಕಂಡವು, ಮತ್ತು ಅದು ದೂರದ ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲವೆಂಬುದು ಅದರಿಂದ ಸ್ಥಿರಪಟ್ಟಿತು. ಅವುಗಳಲ್ಲಿ ಪ್ರಖರವಾದ ಹಸಿರು ಗೆರೆ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದಿಂದ ಹೊಮ್ಮುತ್ತದೆಂಬುದನ್ನು 1927ರಲ್ಲಿ ಅಮೆರಿಕದ ಐರಾ ಬೋವೆನ್ ವಿವರಿಸುವವರೆಗೆ ಅದರ ಮೂಲ ಯಾವುದೆಂಬುದು ತಿಳಿದಿರಲಿಲ್ಲ. ನೀಹಾರಿಕೆಯೊಳಗಿನ ಬಿಸಿಯಾದ ನಕ್ಷತ್ರಗಳ ಅತಿನೇರಳೆ ಕಿರಣಗಳು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೊಗೆಯುತ್ತವೆ. ಅನಂತರ ಪ್ರತಿಯೊಂದು ಮೂಲವಸ್ತುವೂ ತನಗೆ ವಿಶಿಷ್ಟವಾದ ತರಂಗಾಂತರಗಳಲ್ಲಿ ಮಾತ್ರ ಬೆಳಕನ್ನು ಹೊರಸೂಸುತ್ತದೆ. ಜಲಜನಕದ ಕೆಂಪು 656.3 ನ್ಯಾನೋಮೀಟರಿನಲ್ಲಿ, ಆಮ್ಲಜನಕದ ಹಸಿರು 500.7ರಲ್ಲಿ, ಗಂಧಕದ ಕಡುಗೆಂಪು 672ರ ಆಸುಪಾಸಿನಲ್ಲಿ ಬೀಳುತ್ತವೆ.

ಬೀದಿದೀಪದ ಬೆಳಕಾದರೋ ರೋಹಿತದ ಉದ್ದಗಲಕ್ಕೂ ಚೆಲ್ಲಿರುತ್ತದೆ. ಆದುದರಿಂದ ಈ ಗೆರೆಗಳ ಸುತ್ತಲಿನ ಮೂರರಿಂದ ಏಳು ನ್ಯಾನೋಮೀಟರುಗಳಷ್ಟು ಕಿರಿದಾದ ಪಟ್ಟಿಯನ್ನು ಮಾತ್ರ ಒಳಬಿಡುವ ಶೋಧಕವೊಂದನ್ನು ಕ್ಯಾಮೆರಾದ ಮುಂದಿಟ್ಟರೆ, ನೀಹಾರಿಕೆಯ ಬೆಳಕು ಹೆಚ್ಚುಕಡಿಮೆ ಪೂರ್ತಿಯಾಗಿ ಒಳಸೇರಿ ನಗರದ ಬೆಳಕು ಬಹುಮಟ್ಟಿಗೆ ಹೊರಗುಳಿಯುತ್ತದೆ. ಸಾಮಾನ್ಯ ಡಿಜಿಟಲ್ ಕ್ಯಾಮೆರಾಗಳಲ್ಲಿ ಅವಕೆಂಪು ಕಿರಣಗಳನ್ನು ತಡೆಯಲು ಅಳವಡಿಸಿರುವ ಗಾಜು ಜಲಜನಕದ ಕೆಂಪನ್ನೂ ಬಹುಪಾಲು ನುಂಗಿಬಿಡುವುದರಿಂದ, ಅದನ್ನು ಬದಲಾಯಿಸಿದ ಕ್ಯಾಮೆರಾ ಅಥವಾ ಖಗೋಳಕ್ಕೆಂದೇ ತಯಾರಾದ, ಸಂವೇದಕವನ್ನು ತಂಪಾಗಿರಿಸುವ ಕ್ಯಾಮೆರಾ ಬೇಕಾಗುತ್ತದೆ.

ಶೋಧಕದ ನಂತರ ಬೇಕಾದದ್ದು ಕಾಲ. ಕಣ್ಣು ಬೆಳಕನ್ನು ಕೂಡಿಡಲಾರದು, ಛಾಯಾಫಲಕ ಕೂಡಿಡಬಲ್ಲದು. ಮಹಾವ್ಯಾಧದ ನೀಹಾರಿಕೆಯ ಮೊತ್ತಮೊದಲ ಛಾಯಾಚಿತ್ರವನ್ನು 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಬಳಿ ಹೆನ್ರಿ ಡ್ರೇಪರ್ 51 ನಿಮಿಷಗಳ ಒಡ್ಡಿಕೆಯಿಂದ ಪಡೆದರೆ, 1883ರಲ್ಲಿ ಲಂಡನ್ನಿನ ಹೊರವಲಯದ ಈಲಿಂಗ್‌ನ ತಮ್ಮ ಮನೆಯ ತೋಟದಿಂದ, 36 ಅಂಗುಲದ ದರ್ಪಣ ದೂರದರ್ಶಕದ ಮೂಲಕ ಎಂಜಿನಿಯರ್ ಆಂಡ್ರೂ ಕಾಮನ್ ತೆಗೆದ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದ್ದವು. ಖಗೋಳವಿಜ್ಞಾನದ ಇತಿಹಾಸದಲ್ಲಿ ಆ ತೋಟಕ್ಕೆ ದೊಡ್ಡ ಸ್ಥಾನವಿದೆ, ಏಕೆಂದರೆ ಕ್ಯಾಮೆರಾ ಕಣ್ಣನ್ನು ಮೀರಿಸಬಲ್ಲದೆಂಬುದು ಅಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ತಿಳಿದುಬಂತು.

ಇಂದಿನ ಹವ್ಯಾಸಿಗಳು ಒಂದೇ ದೀರ್ಘ ಒಡ್ಡಿಕೆಯ ಬದಲು ಕೆಲವೇ ನಿಮಿಷಗಳ ನೂರಾರು ಚಿತ್ರಗಳನ್ನು ತೆಗೆದು ಗಣಕದಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡುತ್ತಾರೆ. ನೀಹಾರಿಕೆಯ ಸಂಕೇತ ಕಾಲಕ್ಕೆ ಅನುಗುಣವಾಗಿ ಬೆಳೆದರೆ, ಚಿತ್ರದಲ್ಲಿ ಮರಳಿನಂತೆ ಕಾಣುವ ಯಾದೃಚ್ಛಿಕ ಕಲಬೆರಕೆ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಮಾತ್ರ ಬೆಳೆಯುತ್ತದೆ. ಹಾಗಾಗಿ ಒಂದು ಗಂಟೆಯ ಸಂಗ್ರಹದ ಇಮ್ಮಡಿ ಸ್ವಚ್ಛತೆಗೆ ನಾಲ್ಕು ಗಂಟೆ, ಅದರ ಇಮ್ಮಡಿಗೆ ಹದಿನಾರು ಗಂಟೆ ಬೇಕು. ಬೆಳಕು ತುಂಬಿದ ಊರಿನಲ್ಲಿರುವವರು ಹಲವು ರಾತ್ರಿಗಳನ್ನು ಒಂದೇ ನೀಹಾರಿಕೆಗೆ ಮೀಸಲಿಡುವುದು ಈ ಲೆಕ್ಕದಿಂದಾಗಿಯೇ, ಮತ್ತು ಉಪಕರಣಗಳು ಮನೆಯ ಹಿತ್ತಲಿನಲ್ಲೇ ಇರುವವರಿಗೆ ಅಷ್ಟು ರಾತ್ರಿಗಳು ಹೊಂದಿಬರುವುದು ಸುಲಭ.

ಭೂಮಿಯ ಆವರ್ತನದಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುವುದರಿಂದ, ದೂರದರ್ಶಕವನ್ನು ಹೊತ್ತ ಪೀಠದ ಒಂದು ಅಕ್ಷವನ್ನು ಆಕಾಶಧ್ರುವಕ್ಕೆ ಗುರಿಯಿಟ್ಟು ಅದೇ ವೇಗದಲ್ಲಿ ತಿರುಗಿಸಬೇಕು. ಬೆಂಗಳೂರಿನ ಹವ್ಯಾಸಿಗೆ ಇಲ್ಲೊಂದು ವಿಶೇಷ ತೊಡಕಿದೆ: ಅಲ್ಲಿನ ಅಕ್ಷಾಂಶ 13 ಡಿಗ್ರಿಯಷ್ಟೇ ಆದುದರಿಂದ ಧ್ರುವನಕ್ಷತ್ರ ದಿಗಂತದಿಂದ ಅಷ್ಟೇ ಎತ್ತರದಲ್ಲಿದ್ದು, ಪಕ್ಕದ ಮನೆಯ ಮಹಡಿಯೋ ತೆಂಗಿನ ಮರವೋ ಅದನ್ನು ಸುಲಭವಾಗಿ ಮರೆಮಾಡುತ್ತದೆ. ಆಕಾಶದ ಬೇರೆ ಭಾಗದ ಕೆಲವು ಚಿತ್ರಗಳಿಂದಲೇ ಅಕ್ಷದ ದಿಕ್ಕನ್ನು ಲೆಕ್ಕಹಾಕುವ ತಂತ್ರಾಂಶಗಳು ಈಗ ಅದಕ್ಕೆ ಪರಿಹಾರ ಒದಗಿಸಿವೆ.

ಚಿತ್ರದ ಬಣ್ಣಗಳು ನಿಜವೇ ಎಂಬ ಪ್ರಶ್ನೆಗೆ ನೇರ ಉತ್ತರ ಸಲ್ಲಬೇಕು. ಮೂರು ಶೋಧಕಗಳಿಂದ ಪಡೆದ ಕಪ್ಪುಬಿಳುಪು ಚಿತ್ರಗಳಲ್ಲಿ ಗಂಧಕಕ್ಕೆ ಕೆಂಪನ್ನೂ ಜಲಜನಕಕ್ಕೆ ಹಸಿರನ್ನೂ ಆಮ್ಲಜನಕಕ್ಕೆ ನೀಲಿಯನ್ನೂ ಕೊಡುವ ಕ್ರಮವು, 1995ರಲ್ಲಿ ಹಬಲ್ ದೂರದರ್ಶಕ ಸೆರೆಹಿಡಿದ ‘ಸೃಷ್ಟಿಯ ಸ್ತಂಭಗಳು’ ಚಿತ್ರದಿಂದ ಪ್ರಸಿದ್ಧವಾಯಿತು. ಕಣ್ಣಿಗೆ ಅವು ಹಾಗೆ ಕಾಣುವುದಿಲ್ಲ, ಆದರೆ ಯಾವ ಅನಿಲ ಎಲ್ಲಿದೆಯೆಂಬ ಮಾಹಿತಿ ಸತ್ಯವಾದುದೇ.

ಇಂಥ ಚಿತ್ರಗಳು ಕೆಲವೊಮ್ಮೆ ಹೊಸ ಸಂಗತಿಗಳನ್ನೂ ಹೊರಗೆಡಹುತ್ತವೆ. 2004ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯಲ್ಲಿ ತಮ್ಮ ಹಿತ್ತಲಿನಿಂದ ಮೂರು ಅಂಗುಲದ ದೂರದರ್ಶಕದಲ್ಲಿ ಮಹಾವ್ಯಾಧ ಮಂಡಲವನ್ನು ಚಿತ್ರಿಸಿದ ಜೇ ಮೆಕ್‌ನೀಲ್, ಹಿಂದಿನ ನಕ್ಷೆಗಳಲ್ಲಿಲ್ಲದ ಮಸುಕು ತುಣುಕೊಂದನ್ನು ಗುರುತಿಸಿದರು. ಎಳೆಯ ನಕ್ಷತ್ರವೊಂದು ಹಠಾತ್ತನೆ ಪ್ರಜ್ವಲಿಸಿ ತನ್ನ ಸುತ್ತಲಿನ ದೂಳನ್ನು ಬೆಳಗಿಸಿದ್ದ ಆ ನೀಹಾರಿಕೆಗೆ ಅವರ ಹೆಸರೇ ನಿಂತಿದೆ.

ಮೆಕ್‌ನೀಲರ ನೀಹಾರಿಕೆ ಪ್ರತಿಫಲನ ವರ್ಗಕ್ಕೆ ಸೇರಿದ್ದು, ಮತ್ತು ಕಿರಿದಾದ ಶೋಧಕಗಳ ಉಪಾಯ ಸೋಲುವುದೂ ಇಂಥಲ್ಲಿಯೇ. ಕೃತ್ತಿಕೆಯನ್ನು ಸುತ್ತುವರಿದ ನೀಲಿ ಮುಸುಕಿನಂತಹ ಪ್ರತಿಫಲನ ನೀಹಾರಿಕೆಗಳು ನಕ್ಷತ್ರದ ಬೆಳಕನ್ನೇ ಚದುರಿಸುವುದರಿಂದ ಅವುಗಳ ಬೆಳಕೂ ಬೀದಿದೀಪದಂತೆ ರೋಹಿತದುದ್ದಕ್ಕೂ ಹರಡಿರುತ್ತದೆ. ಹಳೆಯ ಸೋಡಿಯಂ ದೀಪಗಳ ಬೆಳಕು ಬಹುಪಾಲು ಹಳದಿ ಮತ್ತು ಕಿತ್ತಳೆ ಭಾಗದಲ್ಲಿ ಗುಂಪುಗೂಡಿದ್ದರಿಂದ ಅದನ್ನು ಸ್ವಲ್ಪಮಟ್ಟಿಗೆ ಬೇರ್ಪಡಿಸಬಹುದಾಗಿತ್ತು, ಆದರೆ ಅವುಗಳ ಜಾಗಕ್ಕೆ ಬಂದ ಬಿಳಿಯ ಎಲ್‌ಇಡಿ ದೀಪಗಳು ನೀಲಿಯನ್ನೂ ಧಾರಾಳವಾಗಿ ಚೆಲ್ಲುತ್ತವೆ. ಆದುದರಿಂದ ಕೃತ್ತಿಕೆಯ ಮುಸುಕನ್ನು ಚಿತ್ರಿಸಬಯಸುವವರು ಅಮಾವಾಸ್ಯೆಯ ಆಸುಪಾಸಿನಲ್ಲಿ ಊರಿನಿಂದ ದೂರ ಹೋಗಬೇಕು, ಇಲ್ಲವೇ ಬೆಳಕು ನೆಲದತ್ತ ಮಾತ್ರ ಬೀಳುವಂತೆ ದೀಪಗಳಿಗೆ ಮೇಲ್ಮುಚ್ಚಿಗೆ ತೊಡಿಸಲು ಸ್ಥಳೀಯ ಆಡಳಿತವನ್ನು ಒಪ್ಪಿಸಬೇಕು.