ಬಾಣ ಬಿಡದ ಬಿಲ್ವಿದ್ಯೆ

ದ್ರೋಣಾಚಾರ್ಯರು ತಮ್ಮ ಶಿಷ್ಯರಿಗೆ ಒಡ್ಡಿದ ಪರೀಕ್ಷೆಯ ಕಥೆ ನಮಗೆಲ್ಲರಿಗೂ ಪರಿಚಿತವಾದುದೇ. ಮರದ ಕೊಂಬೆಯ ಮೇಲಿರುವ ಹಕ್ಕಿಯ ತಲೆಯನ್ನು ಹೊಡೆಯಬೇಕೆಂಬುದು ಅವರ ಆಜ್ಞೆ. ಅರ್ಜುನನಿಗೆ ಆ ತಲೆಯ ಹೊರತು ಬೇರೇನೂ ಕಾಣಲಿಲ್ಲವೆಂಬುದನ್ನು ನಾವು ಕೊಂಡಾಡುತ್ತೇವೆ. ಆದರೆ ಆ ಹಕ್ಕಿ ಜೀವವುಳ್ಳದ್ದಲ್ಲ, ಕುಶಲಕರ್ಮಿಗಳಿಂದ ಮಾಡಿಸಿದ ಕೃತಕ ಪಕ್ಷಿ ಎಂಬ ಸಂಗತಿಯನ್ನು ಮರೆತುಬಿಡುತ್ತೇವೆ. ಆಯುಧವಿದ್ಯೆಯನ್ನು ಕಲಿಯುವಾಗ ಯಾರ ಪ್ರಾಣಕ್ಕೂ ಅಪಾಯವಾಗಬಾರದೆಂಬ ವಿವೇಕವು ಅಷ್ಟು ಹಿಂದೆಯೇ ನಮ್ಮವರಲ್ಲಿತ್ತು. ಇಂದು ಯುದ್ಧವಿಮಾನಗಳ ಚಾಲಕರು ಆ ವಿವೇಕವನ್ನೇ ಯಂತ್ರಗಳ ನೆರವಿನಿಂದ ಹೇಗೆ ಪಾಲಿಸುತ್ತಿರುವರೆಂಬುದನ್ನೂ, ಮನೆಯ ಗಣಕಯಂತ್ರದ ಮುಂದೆ ಕುಳಿತು ವಿಮಾನ ಹಾರಿಸುವ ನಮ್ಮ ವಿದ್ಯಾರ್ಥಿಮಿತ್ರರು ಅದರಿಂದ ಏನನ್ನು ಕಲಿಯಬಹುದೆಂಬುದನ್ನೂ ಇಲ್ಲಿ ವಿವರಿಸಲು ಯತ್ನಿಸುವೆವು.

ವಿಮಾನದ ಮಾತಿಗೆ ಮುನ್ನ ನಮ್ಮ ಭಿವಂಡಿಯ ಮಗ್ಗವನ್ನೊಮ್ಮೆ ನೋಡೋಣ. ಹಗಲಿರುಳೂ ವಿದ್ಯುತ್ ಮಗ್ಗಗಳ ಸದ್ದು ಕೇಳಿಬರುವ ಈ ಊರಿನಲ್ಲಿ ಯಾವ ತಿಳಿವಳಿಕಸ್ಥನೂ ಹೊಸಬನ ಕೈಗೆ ಮೊದಲ ದಿನವೇ ಓಡುವ ಮಗ್ಗವನ್ನು ಒಪ್ಪಿಸಲಾರನು. ಕಂಡಿಕೆ ತುಂಬುವುದು, ಕಡಿದ ಎಳೆಗೆ ಗಂಟು ಹಾಕುವುದು, ನಿಂತ ಮಗ್ಗದ ಅಂಗಾಂಗಗಳನ್ನು ಗುರುತಿಸುವುದು ಇವೆಲ್ಲ ಮೊದಲು, ಓಡಿಸುವುದು ಆಮೇಲೆ. ಇಷ್ಟಲ್ಲದೆ ಮಗ್ಗದಲ್ಲಿಯೇ ರಕ್ಷಣೆಯ ಏರ್ಪಾಡುಗಳಿವೆ. ಹೊಕ್ಕಿನ ನೂಲು ಕಡಿದರೆ ಪುಟ್ಟದೊಂದು ಕವಲುಕಡ್ಡಿ ಅದನ್ನು ತಿಳಿದು ಮಗ್ಗವನ್ನು ನಿಲ್ಲಿಸುತ್ತದೆ. ಲಾಳಿಯು ಎಳೆಗಳ ನಡುವೆ ಸಿಕ್ಕಿಕೊಂಡರೆ ಫಣಿಯು ಅದನ್ನು ಬಡಿದು ಹಾಸನ್ನೆಲ್ಲ ಹರಿಯದಂತೆ ತಡೆಯುವ ವ್ಯವಸ್ಥೆಯೂ ಉಂಟು. ಕಲಿಯುವವನ ಕ್ರಮ ಮತ್ತು ಯಂತ್ರದ ತಡೆ, ಈ ಎರಡೂ ಕೂಡಿದಾಗಲೇ ಕೆಲಸ ಸುರಕ್ಷಿತ. ವಿಮಾನದಲ್ಲಿಯೂ ನ್ಯಾಯ ಇದೇ. ಆದರೆ ಅಲ್ಲಿ ತಪ್ಪಿಗೆ ತೆರಬೇಕಾದ ಬೆಲೆ ಹರಿದ ಬಟ್ಟೆಯಲ್ಲ, ಮನುಷ್ಯಪ್ರಾಣ.

ನೆಲದ ಮೇಲೆಯೇ ಹಾರಾಟ ಕಲಿಸುವ ಪ್ರಯತ್ನವು ವಿಮಾನದಷ್ಟೇ ಹಳೆಯದು. 1910ರ ಸುಮಾರಿಗೆ ಫ್ರಾನ್ಸಿನಲ್ಲಿ ಅರ್ಧ ಪೀಪಾಯಿಯ ಮೇಲೆ ಶಿಷ್ಯನನ್ನು ಕೂರಿಸಿ, ಇತರರು ಅದನ್ನು ಅತ್ತಿತ್ತ ವಾಲಿಸುತ್ತಿರಲು, ಅವನು ಹಿಡಿಕೆಗಳಿಂದ ಸಮತೋಲವನ್ನು ಸಾಧಿಸುವುದನ್ನು ಅಭ್ಯಾಸ ಮಾಡಿಸುತ್ತಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮೆಷಿನ್‌ಗನ್ನಿನ ಆಕಾರದ ಒಂದು ಕ್ಯಾಮೆರಾವನ್ನು ತಯಾರಿಸಿದರು. ಶಿಷ್ಯನು ಕುದುರೆಯನ್ನು ಎಳೆದರೆ ಗುಂಡಿಗೆ ಬದಲಾಗಿ ಚಿತ್ರ ಮೂಡುತ್ತಿತ್ತು. ಚಿತ್ರವನ್ನು ತೊಳೆದು ನೋಡಿದಾಗ ಗುರಿ ಸರಿಯಾಗಿತ್ತೇ ಇಲ್ಲವೇ ಎಂಬುದು ತಿಳಿಯುತ್ತಿತ್ತು. ಬಾಣ ಬಿಡದೆಯೇ ಬಾಣವಿದ್ಯೆಯನ್ನು ಪರೀಕ್ಷಿಸುವ ಎಷ್ಟು ಸೊಗಸಾದ ಉಪಾಯವಿದು! ಮುಂದೆ 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವನು, ತನ್ನ ತಂದೆಯ ವಾದ್ಯ ಕಾರ್ಖಾನೆಯಲ್ಲಿ ಕಲಿತ ತಿದಿಗಳ ತಂತ್ರವನ್ನು ಬಳಸಿ, ವಿಮಾನದಂತೆ ವಾಲುವ ಅನುಕರಣ ಯಂತ್ರವೊಂದನ್ನು ನಿರ್ಮಿಸಿದನು. ಮೊದಮೊದಲು ಜನರು ಅದನ್ನು ಜಾತ್ರೆಯ ಆಟಿಕೆಯೆಂದೇ ಬಗೆದರು. 1934ರಲ್ಲಿ ಅಮೆರಿಕದ ಸೇನೆಯು ಅಂಚೆ ಸಾಗಿಸುವ ಹೊಣೆಯನ್ನು ಹೊತ್ತು, ಮಂಜು ಬಿರುಗಾಳಿಗಳಲ್ಲಿ ಅನೇಕ ಚಾಲಕರನ್ನು ಕಳೆದುಕೊಂಡ ತರುವಾಯವೇ ಆ ಆಟಿಕೆಯ ಬೆಲೆ ಎಲ್ಲರಿಗೂ ತಿಳಿಯಿತು. ಸೇನೆಯು ಅಂತಹ ಆರು ಯಂತ್ರಗಳನ್ನು ಕೊಂಡಿತು.

ಈಗಿನ ಯುದ್ಧವಿಮಾನದಲ್ಲಿ ಆಯುಧಗಳ ಬೀಗದ ಕೈಯೆಂದರೆ ಮಾಸ್ಟರ್ ಆರ್ಮ್ ಎಂಬ ಮುಖ್ಯ ಸ್ವಿಚ್ಚು. ಎಫ್-16 ವಿಮಾನದಲ್ಲಿ ಈ ಸ್ವಿಚ್ಚಿಗೆ ಮೂರು ಸ್ಥಾನಗಳಿವೆ. ಒಂದರಲ್ಲಿ ಆಯುಧವು ನಿಜವಾಗಿಯೂ ಸಿದ್ಧ. ಮತ್ತೊಂದರಲ್ಲಿ ಅದು ಬಂದ್. ಮೂರನೆಯದು ಸಿಮ್ಯುಲೇಟ್, ಅಂದರೆ ಅನುಕರಣ ಸ್ಥಾನ. ಎ-10 ವಿಮಾನದಲ್ಲಿ ಈ ಮೂರನೆಯದಕ್ಕೆ ಟ್ರೈನ್, ಅಂದರೆ ಶಿಕ್ಷಣವೆಂದೇ ಹೆಸರು. ಎಫ್-18ರಲ್ಲಿ ಸ್ವಿಚ್ಚಿಗೆ ಎರಡೇ ಸ್ಥಾನಗಳು. ಅನುಕರಣವನ್ನು ಆಯುಧಪಟ್ಟಿಯ ಪರದೆಯ ಮೇಲೆ ಆರಿಸಿಕೊಳ್ಳಬೇಕು. ಅನುಕರಣ ಸ್ಥಾನದಲ್ಲಿ ಚಾಲಕನ ಕಣ್ಣೆದುರಿನ ಗಾಜಿನ ಮೇಲೆ ಗುರಿಯ ಚಿಹ್ನೆಗಳು, ದೂರದ ಅಳತೆ, ಬಿಡುವ ಸಮಯದ ಸೂಚನೆ ಎಲ್ಲವೂ ನಿಜದಂತೆಯೇ ಮೂಡುತ್ತವೆ. ಚಾಲಕನು ಗುಂಡಿಯನ್ನು ಒತ್ತುತ್ತಾನೆ. ಆದರೆ ಆಯುಧವನ್ನು ಬಿಡಿಸುವ ವಿದ್ಯುತ್ತು ಮಾತ್ರ ಅತ್ತ ಹರಿಯುವುದಿಲ್ಲ. ಬುದ್ಧಿಗೆ ಪೂರ್ಣ ವ್ಯಾಯಾಮ, ಆಯುಧಕ್ಕೆ ಪೂರ್ಣ ವಿಶ್ರಾಂತಿ! ಇದಲ್ಲದೆ ಚಕ್ರಗಳು ನೆಲವನ್ನು ಮುಟ್ಟಿರುವಾಗ ಆಯುಧ ಸಡಿಲದಂತೆ ತಡೆಯುವ ಬೇರೆ ಏರ್ಪಾಡುಗಳೂ ಇರುತ್ತವೆ. ರೆಕ್ಕೆಯಡಿಯಲ್ಲಿ ಹಾರದ ಕ್ಷಿಪಣಿಯನ್ನು, ಎಂದರೆ ಗುರಿಯನ್ನು ಅರಸುವ ಮೂತಿ ಮಾತ್ರ ಇದ್ದು ಚಿಮ್ಮುವ ಮದ್ದಿಲ್ಲದ ತರಬೇತಿ ಕ್ಷಿಪಣಿಯನ್ನು ಕಟ್ಟುವುದೂ ಉಂಟು. ಬಾಂಬಿನ ಅಭ್ಯಾಸಕ್ಕೆ, ಬಿದ್ದ ಜಾಗವನ್ನು ಹೊಗೆಯಿಂದ ತೋರಿಸುವ ಪುಟ್ಟ ಬಾಂಬುಗಳಿವೆ.

ಇಷ್ಟೆಲ್ಲ ಕಟ್ಟುಪಾಡುಗಳೇಕೆ ಎಂದು ಕೇಳುವವರಿಗೆ ಚರಿತ್ರೆಯೇ ಉತ್ತರ ಹೇಳುತ್ತದೆ. 1982ರ ಮೇ 25ರಂದು ಪಶ್ಚಿಮ ಜರ್ಮನಿಯ ಆಕಾಶದಲ್ಲಿ ಬ್ರಿಟಿಷ್ ವಾಯುಪಡೆಯ ಫ್ಯಾಂಟಮ್ ವಿಮಾನವೊಂದು ತಮ್ಮದೇ ಪಡೆಯ ಜಾಗ್ವಾರ್ ವಿಮಾನದ ಮೇಲೆ ಹುಸಿದಾಳಿಯ ಅಭ್ಯಾಸ ನಡೆಸಿತು. ರೆಕ್ಕೆಯಡಿಯಿದ್ದ ಕ್ಷಿಪಣಿಗಳು ಹುಸಿಯಲ್ಲ, ನಿಜವಾದವು. ಅಂತಹ ವೇಳೆಯಲ್ಲಿ ಮುಖ್ಯ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿ ನೆನಪು ಮಾಡಿಕೊಡುವ ರೂಢಿಯಿತ್ತು. ಅಂದು ಆ ಪಟ್ಟಿ ಇರಲಿಲ್ಲ. ಸ್ವಿಚ್ಚು ತೆರೆದಿದ್ದಿತು. ಅಭ್ಯಾಸಬಲದಿಂದ ಬೆರಳು ಕುದುರೆಯನ್ನು ಎಳೆಯಿತು, ಕ್ಷಿಪಣಿ ಹೊರಟೇಹೋಯಿತು. ಜಾಗ್ವಾರ್ ಉರುಳಿತು, ಅದರ ಚಾಲಕನು ಆಸನಸಹಿತ ಹೊರಕ್ಕೆ ಚಿಮ್ಮಿ ಪ್ರಾಣ ಉಳಿಸಿಕೊಂಡನು. 1987ರ ಸೆಪ್ಟೆಂಬರ್ 22ರಂದು ಮೆಡಿಟರೇನಿಯನ್ ಸಮುದ್ರದ ಮೇಲೆ ಅಮೆರಿಕದ ನೌಕಾಪಡೆಯ ಎಫ್-14 ವಿಮಾನವು, ಅಭ್ಯಾಸದ ಅಪ್ಪಣೆಯನ್ನು ನಿಜವಾದ ಅಪ್ಪಣೆಯೆಂದು ತಿಳಿದು, ಅದೇ ದೇಶದ ವಾಯುಪಡೆಯ ವಿಮಾನವೊಂದನ್ನು ಕೆಡವಿತು. ಅಲ್ಲಿಯೂ ಇಬ್ಬರು ವೈಮಾನಿಕರು ಹಾರಿಕೊಂಡು ಬದುಕಿದರು. 2018ರ ಆಗಸ್ಟ್ 7ರಂದು ಸ್ಪೇನ್ ದೇಶದ ವಿಮಾನವೊಂದು ಎಸ್ಟೋನಿಯಾದ ಮೇಲೆ ಅಭ್ಯಾಸದಲ್ಲಿರುವಾಗ ಕ್ಷಿಪಣಿಯೊಂದನ್ನು ಕೈತಪ್ಪಿ ಬಿಟ್ಟಿತು. ದೈವವಶಾತ್ ಯಾರಿಗೂ ಗಾಯವಾಗಲಿಲ್ಲ.

ಪರದೇಶದ ಮಾತು ಹಾಗಿರಲಿ. 2022ರ ಮಾರ್ಚ್ 9ರಂದು ನಮ್ಮ ದೇಶದ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ನೆಲದಲ್ಲಿ ಬಿದ್ದಿತು. ಪ್ರಾಣಹಾನಿಯಾಗಲಿಲ್ಲವೆಂಬುದೇ ಸಮಾಧಾನ. ವಿಚಾರಣೆಯಲ್ಲಿ ನಿಗದಿಯಾದ ಕಾರ್ಯಕ್ರಮವನ್ನು ಮೀರಿ ನಡೆದುದು ಗೊತ್ತಾಗಿ, ಅದೇ ವರ್ಷದ ಆಗಸ್ಟಿನಲ್ಲಿ ಮೂವರು ಅಧಿಕಾರಿಗಳನ್ನು ಸೇವೆಯಿಂದ ತೆಗೆದುಹಾಕಲಾಯಿತು. ಎರಡು ದೇಶಗಳ ನೆಮ್ಮದಿಯು ಕೆಲವು ಕೈಗಳ ಶಿಸ್ತನ್ನು ಅವಲಂಬಿಸಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ? ಆಡಿದ ಮಾತು, ಒಡೆದ ಮುತ್ತು ಎರಡೂ ಹಿಂದಿರುಗವೆಂದು ನಮ್ಮ ಹಿರಿಯರ ಗಾದೆಯಿದೆ. ಬಿಟ್ಟ ಕ್ಷಿಪಣಿಯನ್ನೂ ಆ ಸಾಲಿಗೆ ಸೇರಿಸಬಹುದು.

ಇಂತಹ ಶಿಸ್ತನ್ನು ಕಲಿಸುವ ದೊಡ್ಡ ಶಾಲೆಯೊಂದು ನಮ್ಮ ಕನ್ನಡನಾಡಿನ ಬೀದರಿನಲ್ಲಿರುವುದು ಹೆಮ್ಮೆಯ ಸಂಗತಿ. ನಿಧಾನಗತಿಯ ವಿಮಾನದಲ್ಲಿ ಕಲಿತವರನ್ನು ನೇರವಾಗಿ ವೇಗದ ಯುದ್ಧವಿಮಾನಕ್ಕೆ ಏರಿಸುವುದು ಅಪಾಯಕರವೆಂದೂ, ನಡುವೆ ಮುಂದುವರಿದ ತರಬೇತಿ ವಿಮಾನವೊಂದು ಬೇಕೆಂದೂ 1982ರಷ್ಟು ಹಿಂದೆಯೇ ಸಮಿತಿಯೊಂದು ಸೂಚಿಸಿದ್ದಿತು. ಆದರೆ ಹಾಕ್ ವಿಮಾನಗಳಿಗೆ ಒಪ್ಪಂದವಾದುದು 2004ರಲ್ಲಿ. ಆ 66 ವಿಮಾನಗಳಲ್ಲಿ 24 ಬ್ರಿಟನ್ನಿನಿಂದ ಬರುವುದೆಂದೂ, 42ನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಿಸುವುದೆಂದೂ ಗೊತ್ತಾಯಿತು. 2008ರ ಫೆಬ್ರವರಿಯಲ್ಲಿ ಹಾಕ್ ಬೀದರಿನಲ್ಲಿ ವಾಯುಪಡೆಯನ್ನು ಸೇರಿತು. ಮುಂದೆ ಶಿಷ್ಯ, ಹಿಂದೆ ಗುರು. ಇವರಿಬ್ಬರೂ ಒಂದೇ ವಿಮಾನದಲ್ಲಿ ಹಾರುವರು. ನೆಲದ ಮೇಲಿನ ಅನುಕರಣ ಯಂತ್ರದಲ್ಲಿ ಕಲಿತುದನ್ನು ಆಕಾಶದಲ್ಲಿ ಮಾಡಿ ತೋರಿಸುವರು. 2016ರ ಜೂನ್ 18ರಂದು ನಿಯುಕ್ತರಾದ ನಮ್ಮ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಚಾಲಕರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಇವರು ಹಾಕ್ ವಿಮಾನದ ಶಿಕ್ಷಣ ಪಡೆದುದೂ ಬೀದರಿನಲ್ಲಿಯೇ. ತೇಜಸ್ ವಿಮಾನವು 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊತ್ತಮೊದಲು ನೆಲ ಬಿಟ್ಟು ಏಳುವುದಕ್ಕೆ ಮುಂಚೆಯೇ, ಆ ನಗರದ ಪ್ರಯೋಗಾಲಯದ ಅನುಕರಣ ಯಂತ್ರದಲ್ಲಿ ಚಾಲಕರು ಅದನ್ನು ಅನೇಕ ಸಲ ಹಾರಿಸಿ ನೋಡಿದ್ದರು.

ಇನ್ನು ನಮ್ಮ ವಿದ್ಯಾರ್ಥಿಮಿತ್ರರ ಕಡೆಗೆ ಬರೋಣ. ಡಿ.ಸಿ.ಎಸ್., ಫಾಲ್ಕನ್ ಮೊದಲಾದ ಗಣಕಯಂತ್ರದ ಕಾರ್ಯಕ್ರಮಗಳಲ್ಲಿ ಮೇಲೆ ಹೇಳಿದ ಸ್ವಿಚ್ಚುಗಳನ್ನೆಲ್ಲ ನಿಜವಾದ ವಿಮಾನದಲ್ಲಿರುವಂತೆಯೇ ಚಿತ್ರಿಸಿರುವರು. ಆದರೆ ಹುಡುಗರಲ್ಲಿ ಬಹುಮಂದಿ ಆಟ ಆರಂಭವಾದೊಡನೆ ಮುಖ್ಯ ಸ್ವಿಚ್ಚನ್ನು ತೆರೆದಿಟ್ಟು, ಕಂಡಕಂಡುದಕ್ಕೆ ಬಾಂಬು ಹಾಕಿ, ಎರಡೇ ನಿಮಿಷಗಳಲ್ಲಿ ಬರಿಗೈಯಾಗುವರು. ಇದರಿಂದ ವಿದ್ಯೆ ಬಾರದು. ಕ್ರಮವಾಗಿ ಕಲಿಯಬಯಸುವವರು ಹೀಗೆ ನಡೆಯಬಹುದು. ಮೊದಲನೆಯದಾಗಿ, ಆಯುಧವೇ ಇಲ್ಲದ ವಿಮಾನವನ್ನು ನೆಟ್ಟಗೆ ಹಾರಿಸುವುದನ್ನೂ ಇಳಿಸುವುದನ್ನೂ ಕಲಿಯಬೇಕು. ವಿಮಾನವೇ ಸ್ಥಿರವಿಲ್ಲದವನಿಗೆ ಗುರಿ ಸ್ಥಿರವಾಗದು. ಎರಡನೆಯದಾಗಿ, ಆಯುಧವನ್ನು ಹೊತ್ತು, ಸ್ವಿಚ್ಚನ್ನು ಅನುಕರಣ ಸ್ಥಾನದಲ್ಲಿಟ್ಟು, ಗುರಿ ಹುಡುಕುವುದು, ಆಯುಧ ಆರಿಸುವುದು, ದೂರ ನೋಡುವುದು, ಸೂಚನೆ ಬಂದಾಗ ಗುಂಡಿ ಒತ್ತುವುದು, ಈ ಸರಣಿಯನ್ನು ಬಾಯಿಪಾಠವಾಗುವವರೆಗೆ ಮಾಡಬೇಕು. ಆಯುಧವು ಖರ್ಚಾಗದ ಕಾರಣ ಒಂದೇ ಹಾರಾಟದಲ್ಲಿ ಹತ್ತು ಸಲವಾದರೂ ಅಭ್ಯಾಸ ನಡೆಯುತ್ತದೆ. ಮೂರನೆಯದಾಗಿ, ಒಂದೊಂದು ದಾಳಿಯ ಕೊನೆಗೂ ಸ್ವಿಚ್ಚನ್ನು ಬಂದ್ ಮಾಡಿ, ಹಾಗೆ ಮಾಡಿದೆನೆಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಇವೆಲ್ಲ ಕೈವಶವಾದ ಮೇಲೆ ಅಭ್ಯಾಸದ ಮೈದಾನದಲ್ಲಿ ಹೊಗೆಬಾಂಬು; ಕಟ್ಟಕಡೆಗೆ ಪೂರ್ಣ ಆಯುಧ. ಹಾರಾಟ ಮುಗಿದ ಬಳಿಕ ಅದರ ದಾಖಲೆಯನ್ನು ಮರಳಿ ನೋಡಿ, ತಪ್ಪಿದುದೆಲ್ಲಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಲೇಸು. ಹಳೆಯ ಬಂದೂಕು ಕ್ಯಾಮೆರಾ ಮಾಡುತ್ತಿದ್ದುದೂ ಇದನ್ನೇ.

ಆದರೆ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆವು. ಅನುಕರಣ ಯಂತ್ರವು ಕೊಡುವ ಅಭಯದಲ್ಲಿಯೇ ಒಂದು ಅಪಾಯವೂ ಅಡಗಿದೆ. ಕೈಯು ನೂರು ಸಲ ಮಾಡಿದುದನ್ನು ನೂರಾ ಒಂದನೆಯ ಸಲ ಯೋಚಿಸದೆ ಮಾಡಿಬಿಡುತ್ತದೆ. ಫ್ಯಾಂಟಮ್ ಚಾಲಕನ ಬೆರಳಿಗೆ ಕುದುರೆ ಎಳೆಯುವ ಅಭ್ಯಾಸವಿತ್ತು. ಎಳೆಯುವ ಮುನ್ನ ಸ್ವಿಚ್ಚನ್ನು ನೋಡುವ ಅಭ್ಯಾಸವು ಆ ಒಂದು ಗಳಿಗೆಯಲ್ಲಿ ತಪ್ಪಿತು. ಆದುದರಿಂದ ಹುಸಿ ಅಭ್ಯಾಸದಲ್ಲಿಯೂ ನಿಜದ ಎಚ್ಚರವೇ ಇರತಕ್ಕದ್ದು. ಸ್ವಿಚ್ಚು ಅನುಕರಣದಲ್ಲಿದೆಯೆಂದು ನಂಬಿದರೆ ಸಾಲದು, ಕಣ್ಣಾರೆ ನೋಡಬೇಕು. ಪರದೆಯ ಮೇಲೆ ಸತ್ತವರು ಗುಂಡಿಯೊಂದನ್ನು ಒತ್ತಿದರೆ ಮರಳಿ ಏಳುವರು. ಪರದೆಯ ಹೊರಗೆ ಹಾಗಿಲ್ಲ.

ಭಾರತಯುದ್ಧದ ಕೊನೆಯಲ್ಲಿ ಅರ್ಜುನನೂ ಅಶ್ವತ್ಥಾಮನೂ ಮಹಾಸ್ತ್ರಗಳನ್ನು ಬಿಟ್ಟರು. ಲೋಕನಾಶದ ಭಯದಿಂದ ಋಷಿಗಳು ನಡುವೆ ಬಂದು ಅವನ್ನು ಹಿಂದೆಗೆಯಬೇಕೆಂದು ಕೇಳಿದಾಗ ಅರ್ಜುನನು ಹಿಂದೆಗೆದನು. ಅಶ್ವತ್ಥಾಮನಿಗೆ ಬಿಡಲು ಬರುತ್ತಿತ್ತೇ ಹೊರತು ಹಿಂದೆಗೆಯಲು ಬರಲಿಲ್ಲ. ಇಬ್ಬರ ಗುರುವೂ ಒಬ್ಬನೇ, ವಿದ್ಯೆಯೂ ಒಂದೇ, ಭೇದವಿದ್ದುದು ಸಂಯಮದಲ್ಲಿ. ಇಂದಿನ ಅಸ್ತ್ರಗಳನ್ನು ಬಿಟ್ಟ ಮೇಲೆ ಹಿಂದೆಗೆಯಬಲ್ಲ ಅರ್ಜುನನು ಎಲ್ಲಿಯೂ ಇಲ್ಲ. ಆದಕಾರಣ ಬಿಡದಿರುವುದನ್ನು ಮೊದಲು ಕಲಿಸುವ ಆ ಚಿಕ್ಕ ಸ್ವಿಚ್ಚಿನ ಮೂರನೆಯ ಸ್ಥಾನವನ್ನು ನಮ್ಮ ಕಿರಿಯ ಮಿತ್ರರು ಹಗುರಾಗಿ ಎಣಿಸದಿರಲಿ. ನಾಳೆ ಅವರಲ್ಲೊಬ್ಬರು ಬೀದರಿನ ಆಕಾಶಕ್ಕೆ ಏರಲಿ, ಇಲ್ಲವೆ ಭಿವಂಡಿಯ ಮಗ್ಗದ ಮುಂದೆಯೇ ನಿಲ್ಲಲಿ, ಈ ಪಾಠವು ಎರಡೆಡೆಯೂ ಉಪಯೋಗಕ್ಕೆ ಬರುವುದು.