ಶೀತಕ್ಕೆ ಕಷಾಯ ಕುಡಿಯಿರಿ, ಮಗುವಿನ ಉಸಿರು ಎಣಿಸಿ



ಮಳೆಗಾಲ ಸುರುವಾಯಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಸಂಘದ ಸಭೆಗೆ ಹೋದರೂ ಶೀತ, ಕೆಮ್ಮಿನದ್ದೇ ಮಾತು. ಒಬ್ಬರು ಕಷಾಯ ಒಳ್ಳೆಯದು ಅನ್ನುತ್ತಾರೆ. ಇನ್ನೊಬ್ಬರು ಮೆಡಿಕಲ್‌ನಿಂದ ಮಾತ್ರೆ ತಂದದ್ದನ್ನು ಹೇಳುತ್ತಾರೆ. "ಕಷಾಯ ಕುಡಿದು ಕೂತರೆ ಆಗ್ತದಾ ಸಿಸ್ಟರ್? ಒಂದು ಇಂಜೆಕ್ಷನ್ ಹಾಕಿಸಿದ್ರೆ ನಾಳೆಯೇ ಕೆಲಸಕ್ಕೆ ಹೋಗ್ಲಿಕ್ಕಾಗ್ತದೆ" ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಮೀನು ಮಾರುವವರಿಗೆ, ಗೇರುಬೀಜ ಕಾರ್ಖಾನೆಗೆ ಹೋಗುವವರಿಗೆ, ಗದ್ದೆ ನೆಟ್ಟಿಗೆ ಹೋಗುವವರಿಗೆ ಒಂದು ದಿನ ಮಲಗಿದರೆ ಒಂದು ದಿನದ ಸಂಪಾದನೆ ಇಲ್ಲ.

ಆದುದರಿಂದ ಈ ಸಲ ಎರಡು ವಿಷಯ ತಿಳಿದುಕೊಳ್ಳೋಣ. ಮನೆಮದ್ದು ಯಾವುದಕ್ಕೆ ಸಾಕು? ಯಾವಾಗ ಅದನ್ನು ಬಿಟ್ಟು ಆಸ್ಪತ್ರೆಗೆ ಓಡಬೇಕು? ಮೊದಲನೆಯದು ಗೊತ್ತಿದ್ದರೆ ಹಣ ಉಳಿಯುತ್ತದೆ. ಎರಡನೆಯದು ಗೊತ್ತಿದ್ದರೆ ಜೀವ ಉಳಿಯುತ್ತದೆ.

ಶೀತ ಯಾಕೆ ಬರುತ್ತದೆ?

ಶೀತ ಬರುವುದು ವೈರಸ್‌ನಿಂದ. ಶೀತ ತರುವ ವೈರಸ್‌ಗಳು 200ಕ್ಕೂ ಹೆಚ್ಚು ಬಗೆಯವು ಇವೆ. ಮಳೆಗೆ ನೆನೆದದ್ದರಿಂದ ಮಾತ್ರ ಶೀತ ಬರುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಕಿಟಕಿ ಹಾಕಿಕೊಂಡು ಎಲ್ಲರೂ ಒಟ್ಟಿಗೆ ಇರುತ್ತೇವೆ, ಒಬ್ಬರ ಕೆಮ್ಮು, ಸೀನು, ಕೈಯಿಂದ ಇನ್ನೊಬ್ಬರಿಗೆ ಅಂಟುತ್ತದೆ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಸಣ್ಣ ಮಕ್ಕಳಿಗೆ ಆರೇಳು ಸಲ ಶೀತ ಆಗುವುದು ಸಾಮಾನ್ಯ.

ಇದು 7ರಿಂದ 10 ದಿನಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಕೆಮ್ಮು ಮಾತ್ರ ಇನ್ನೂ ಸ್ವಲ್ಪ ದಿನ ಎಳೆಯಬಹುದು. ಆ್ಯಂಟಿಬಯೋಟಿಕ್ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲ. ಕಫ ಹಳದಿ ಆಯಿತು, ಹಸಿರು ಆಯಿತು ಎಂಬ ಕಾರಣಕ್ಕೇ ಅದು ಬೇಕಾಗುವುದೂ ಇಲ್ಲ. ಬೇಡದಿದ್ದಾಗ ತಿಂದರೆ ಹಣ ದಂಡ. ಅದಕ್ಕಿಂತ ಹೆಚ್ಚಾಗಿ, ಬ್ಯಾಕ್ಟೀರಿಯಾಗಳು ಆ ಮಾತ್ರೆಗೆ ಬಗ್ಗದ ಹಾಗೆ ಆಗುತ್ತವೆ. ಮುಂದೆ ನಿಜವಾಗಿ ಬೇಕಾದಾಗ ಅದು ನಾಟುವುದಿಲ್ಲ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ, ಡಾಕ್ಟರ ಚೀಟಿ ಇಲ್ಲದೆ ಅದನ್ನು ತೆಗೆದುಕೊಳ್ಳಬಾರದು ಎಂದು ಅರ್ಥ. ಈ ಗೆರೆಯ ಬಗ್ಗೆ ಕೇಂದ್ರ ಸರಕಾರ 2016ರಲ್ಲಿ ಪ್ರಚಾರ ಮಾಡಿತ್ತು. ಮನೆಯಲ್ಲಿ ಓದಲು ಬಾರದವರಿಗೂ ಈ ಗುರುತು ತೋರಿಸಿಕೊಡಿ.

ನಮ್ಮ ಅಡುಗೆಮನೆಯ ಮದ್ದು

ದೊಡ್ಡವರಿಗೆ ಒಂದು ಸುಲಭ ಕಷಾಯ: ಒಂದು ಇಂಚು ಶುಂಠಿ ಜಜ್ಜಿ, ನಾಲ್ಕೈದು ಒಳ್ಳೆಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಐದಾರು ತುಳಸಿ ಎಲೆ ಸೇರಿಸಿ ಎರಡು ಲೋಟ ನೀರಿನಲ್ಲಿ ಕುದಿಸಿ. ಒಂದು ಲೋಟಕ್ಕೆ ಇಳಿದ ಮೇಲೆ ಸೋಸಿ, ಸ್ವಲ್ಪ ಬೆಲ್ಲ ಹಾಕಿ. ಬೆಳಿಗ್ಗೆ ಅರ್ಧ ಲೋಟ, ರಾತ್ರಿ ಅರ್ಧ ಲೋಟ, ಮೂರು ನಾಲ್ಕು ದಿನ ಕುಡಿದರೆ ಸಾಕು. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ ಹಾಕಬೇಡಿ. ಹೊಟ್ಟೆ ಉರಿ, ಹುಣ್ಣು ಇದ್ದವರು ಮೆಣಸು ಬಿಡಿ.

ಇದು ವೈರಸ್ಸನ್ನು ಕೊಲ್ಲುತ್ತದೆಯೇ? ಇಲ್ಲ. ಬಿಸಿ ಬಿಸಿ ಕುಡಿದರೆ ಗಂಟಲಿಗೆ ಹಿತ, ಮೂಗು ಬಿಟ್ಟ ಹಾಗೆ ಆಗುತ್ತದೆ, ದೇಹಕ್ಕೆ ನೀರು ಸಿಗುತ್ತದೆ. ದೇಹ ತಾನೇ ಗುಣಪಡಿಸಿಕೊಳ್ಳುವವರೆಗೆ ನಮಗೆ ಬೇಕಾದದ್ದು ಅಷ್ಟೇ. ಜೊತೆಗೆ ಕುಚ್ಚಿಗೆ ಅಕ್ಕಿ ಗಂಜಿ, ಹುರುಳಿ ಸಾರು, ಬಿಸಿ ನೀರು, ಉಪ್ಪು ನೀರಿನಲ್ಲಿ ಗಂಟಲು ಮುಕ್ಕಳಿಸುವುದು, ನಿದ್ರೆ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಮಾತ್ರೆ ಆಗುತ್ತದೆ. ಮಕ್ಕಳಿಗಾದರೆ ತೂಕ ನೋಡಿ ಡಾಕ್ಟರು ಹೇಳಿದ ಅಳತೆಯಲ್ಲೇ ಕೊಡಬೇಕು.

ಒಂದು ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ರಾತ್ರಿ ಮಲಗುವ ಮೊದಲು ಅರ್ಧ ಚಮಚ ಜೇನುತುಪ್ಪ ಕೊಡಬಹುದು. ಜೇನು ಕೆಮ್ಮು ಕಡಿಮೆ ಮಾಡುತ್ತದೆ ಎಂಬುದಕ್ಕೆ ವೈದ್ಯಕೀಯ ಅಧ್ಯಯನಗಳ ಆಧಾರವೂ ಇದೆ. ಆದರೆ ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಮಗುವಿನ ಹೊಟ್ಟೆಯಲ್ಲಿ ವಿಷ ಉಂಟುಮಾಡಬಲ್ಲದು.

ಚೀನ ದೇಶದಲ್ಲೂ ಶುಂಠಿ, ಗಂಜಿ

ಹೀಗೆ ಅಡುಗೆಮನೆಯಲ್ಲೇ ಮದ್ದು ಹುಡುಕಿದವರು ನಾವು ಮಾತ್ರ ಅಲ್ಲ. ನಾವು ಉಷ್ಣ, ಶೀತ ಅಂತ ಭಾಗ ಮಾಡುವ ಹಾಗೆಯೇ ಚೀನದ ಹಳೆಯ ವೈದ್ಯಪದ್ಧತಿಯಲ್ಲಿಯೂ ನೆಗಡಿಯನ್ನು ತಂಪು ಗಾಳಿಯದ್ದು, ಬಿಸಿ ಗಾಳಿಯದ್ದು ಎಂದು ವಿಂಗಡಿಸುತ್ತಾರೆ. ಚಳಿ ಚಳಿ ಆಗಿ ನೀರಿನಂತೆ ಮೂಗು ಸೋರಿದರೆ ಶುಂಠಿ, ಈರುಳ್ಳಿ ಗಿಡದ ಬಿಳಿ ಬುಡ ಕುದಿಸಿ ಕೊಡುತ್ತಾರೆ. ಗಂಟಲು ಉರಿ, ಜ್ವರ ಇದ್ದರೆ ಸೇವಂತಿಗೆ ಹೂ, ಪುದೀನದಂತಹ ತಂಪಿನ ವಸ್ತು ಬಳಸುತ್ತಾರೆ.

ಸುಮಾರು 1800 ವರ್ಷಗಳ ಹಿಂದೆ ಅಲ್ಲಿ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯರು ಜ್ವರ, ಶೀತದ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದರು. ಅದರಲ್ಲಿ ದಾಲ್ಚಿನ್ನಿ ಜಾತಿಯ ಮರದ ಕಡ್ಡಿ, ಶುಂಠಿ, ಜ್ಯೇಷ್ಠಮಧು ಮುಂತಾದ ಐದು ವಸ್ತುಗಳ ಒಂದು ಕಷಾಯ ಇದೆ. ಅದನ್ನು ಕುಡಿದ ಮೇಲೆ ಬಿಸಿ ತೆಳು ಗಂಜಿ ಕುಡಿದು, ಹೊದ್ದು ಮಲಗಿ, ಸ್ವಲ್ಪ ಬೆವರು ಬರಿಸಬೇಕು ಎಂದು ಅವರು ಹೇಳಿದ್ದಾರೆ. ನಮ್ಮ ಅಜ್ಜಿಯರು ಮಾಡಿಸುತ್ತಿದ್ದದ್ದೂ ಇದನ್ನೇ ಅಲ್ಲವೇ?

ಆದರೆ ಚೀನದ ಈ ಕಷಾಯಗಳಿಂದ ಶೀತ ಬೇಗ ಗುಣವಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಇನ್ನೊಂದು ಸಂಗತಿಯೂ ಇದೆ. ಅಲ್ಲಿ ಶೀತ, ದಮ್ಮಿಗೆ ಬಳಸುವ ಮಾ ಹುವಾಂಗ್ ಎಂಬ ಗಿಡದಿಂದ 1885ರಲ್ಲಿ ಜಪಾನಿನ ವಿಜ್ಞಾನಿ ನಾಗಾಯಿ ಅವರು ಎಫೆಡ್ರಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಮುಂದೆ ಅದು ಇಂಗ್ಲಿಷ್ ಮದ್ದೂ ಆಯಿತು. ಅದೇ ಗಿಡವನ್ನು ತೂಕ ಇಳಿಸುವ ಪುಡಿ, ಮಾತ್ರೆ ಮಾಡಿ ಅಮೆರಿಕದಲ್ಲಿ ಮಾರಿದಾಗ ಹೃದಯಾಘಾತ, ಪಾರ್ಶ್ವವಾಯು ಆಗಿ ಜನ ಸತ್ತರು. 2004ರಲ್ಲಿ ಅಲ್ಲಿನ ಸರಕಾರ ಅಂತಹ ಮಾರಾಟ ನಿಷೇಧಿಸಿತು. ಗಿಡದಲ್ಲಿ ಶಕ್ತಿ ಇದ್ದರೆ ಅಳತೆ ತಪ್ಪಿದಾಗ ಅಪಾಯವೂ ಇದೆ ಅಂತ ಅರ್ಥ.

"ಸೊಪ್ಪುಮದ್ದಲ್ವಾ, ಎಂತ ಆಗ್ತದೆ?"

ಈ ಮಾತು ನಾವು ತುಂಬ ಸಲ ಕೇಳಿದ್ದೇವೆ. ಕೊರೊನಾ ಸಮಯದಲ್ಲಿ ಮನೆ ಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. ಅದನ್ನು ಸೇವಿಸಿದ ಆರು ಮಂದಿಯ ಪಿತ್ತಜನಕಾಂಗಕ್ಕೆ ತೊಂದರೆಯಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಬಳ್ಳಿಯೊಂದಿಗೆ ಗುರುತು ತಪ್ಪಿರಬಹುದು ಎಂದಿತು. ಯಾರ ಮಾತು ಸರಿ ಇದ್ದರೂ ನಮಗೆ ಪಾಠ ಒಂದೇ: ಗುರುತು ಖಾತ್ರಿ ಇಲ್ಲದ ಬಳ್ಳಿ, ಬೇರು, ಕೆತ್ತೆ ಬೇಡ. ತಿಂಗಳುಗಟ್ಟಲೆ ಕುಡಿಯುವುದೂ ಬೇಡ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆ ತರುವಾಗಲೂ ಮರ ಗೊತ್ತಿದ್ದವರೇ ತರಬೇಕು.

ಬಿಪಿ ಇದ್ದವರು ಜ್ಯೇಷ್ಠಮಧುವನ್ನು ದಿನಾ ತಿನ್ನಬಾರದು, ಅದರಿಂದ ಬಿಪಿ ಏರುತ್ತದೆ. ಗರ್ಭಿಣಿಯರು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಅಡುಗೆಗೆ ಬಳಸದ ಯಾವ ಮೂಲಿಕೆಯನ್ನೂ ಕೇಳದೆ ಕುಡಿಯಬಾರದು.

ಎಳೆ ಮಕ್ಕಳಿಗೆ ಇವು ಬೇಡ

• ಆರು ತಿಂಗಳವರೆಗೆ ಎದೆಹಾಲೇ ಆಹಾರ. ಶೀತ ಆದಾಗ ಇನ್ನೂ ಹೆಚ್ಚು ಸಲ ಹಾಲು ಕುಡಿಸಿ. ಬಜೆ, ಜಾಯಿಕಾಯಿ ತೇದು ನೆಕ್ಕಿಸಬೇಡಿ.
• ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮೂಗು ಕಟ್ಟಿದರೆ ಮೆಡಿಕಲ್‌ನಲ್ಲಿ ಸಿಗುವ ಉಪ್ಪು ನೀರಿನ ಹನಿ ಸಾಕು.
• ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರದ ಎಣ್ಣೆ, ಕರ್ಪೂರ ಇರುವ ಮುಲಾಮು ಹಚ್ಚಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಅಪಸ್ಮಾರ ಬರಬಹುದು.
• ಸ್ನಾನದ ನಂತರ ಸಾಂಬ್ರಾಣಿ ಹೊಗೆ ಬೇಡ. ಕಟ್ಟಿಗೆ ಒಲೆಯ ಹೊಗೆಯಿಂದಲೂ ಮಗುವನ್ನು ದೂರ ಇಡಿ.
• ಕುದಿಯುವ ನೀರಿನ ಪಾತ್ರೆಯ ಎದುರು ಮಕ್ಕಳನ್ನು ಕೂರಿಸಿ ಆವಿ ಕೊಡಬೇಡಿ. ಪಾತ್ರೆ ಮಗುಚಿದರೆ ತೊಡೆ, ಹೊಟ್ಟೆ ಸುಟ್ಟುಹೋಗುತ್ತದೆ.
• ಕೆಮ್ಮಿನ ಸಿರಪ್ಪನ್ನು ನೀವೇ ತಂದು ಕೊಡಬೇಡಿ. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಕಡೆ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನ ಮಕ್ಕಳಿಗೆ ಶೀತ, ಕೆಮ್ಮಿನ ಸಿರಪ್ ಕೊಡಲೇಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆಗ ತಿಳಿಸಿತು.

ಉಸಿರು ಎಣಿಸುವುದು ಹೇಗೆ?

ಸಾದಾ ಶೀತಕ್ಕೂ ನ್ಯುಮೋನಿಯಾಕ್ಕೂ ವ್ಯತ್ಯಾಸ ತಿಳಿಯಲು ಯಂತ್ರ ಬೇಕಿಲ್ಲ. ಒಂದು ಗಡಿಯಾರ ಅಥವಾ ಮೊಬೈಲ್ ಸಾಕು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ ಹೊಟ್ಟೆ, ಎದೆ ನೋಡಿ. ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ.

• ಎರಡು ತಿಂಗಳೊಳಗಿನ ಮಗು: 60 ಅಥವಾ ಹೆಚ್ಚು
• ಎರಡು ತಿಂಗಳಿಂದ ಒಂದು ವರ್ಷದೊಳಗೆ: 50 ಅಥವಾ ಹೆಚ್ಚು
• ಒಂದರಿಂದ ಐದು ವರ್ಷದೊಳಗೆ: 40 ಅಥವಾ ಹೆಚ್ಚು

ಲೆಕ್ಕ ಇಷ್ಟು ಬಂದರೆ ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಉಸಿರು ಎಳೆಯುವಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆದರೆ, ಹಾಲು ನೀರು ಕುಡಿಯದಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಅಪಸ್ಮಾರ ಬಂದರೆ, ತುಟಿ ನೀಲಿಯಾದರೆ ಒಂದು ಗಳಿಗೆಯೂ ಕಾಯಬಾರದು. 108ಕ್ಕೆ ಫೋನ್ ಮಾಡಿ. ಎರಡು ತಿಂಗಳೊಳಗಿನ ಮಗು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರಿನ ಲೆಕ್ಕ ಸರಿ ಇದ್ದರೂ ಹೊರಡಿ. ಇಂತಹ ಹೊತ್ತಿನಲ್ಲಿ "ಇನ್ನೊಂದು ಸಲ ಕಷಾಯ ಕೊಟ್ಟು ನೋಡುವ" ಎನ್ನುವುದೇ ಅಪಾಯ. ನ್ಯುಮೋನಿಯಾಕ್ಕೆ ಆ್ಯಂಟಿಬಯೋಟಿಕ್ ಬೇಕೇ ಬೇಕಾಗಬಹುದು. ಶೀತಕ್ಕೆ ಬೇಡವಾದ ಅದೇ ಮದ್ದು ಇಲ್ಲಿ ಜೀವ ಉಳಿಸುತ್ತದೆ.

ಜಡ್ಕಲ್, ಮುದೂರು, ಕೊಲ್ಲೂರು ಮುಂತಾದ ಘಟ್ಟದ ಬುಡದ ಊರುಗಳವರು ಇನ್ನೂ ಮೊದಲೇ ಹೊರಡಬೇಕು. ರಾತ್ರಿ ಮಳೆಗೆ ವಾಹನ ಸಿಗುವುದು ಕಷ್ಟ. ಸಂಜೆ ಸಂಶಯ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಒಂದು ಬಗೆಯ ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯನ್ನು ಸರಕಾರಿ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳು, ಮೂರೂವರೆ ತಿಂಗಳು ಮತ್ತು 9 ತಿಂಗಳಿಗೆ ಉಚಿತವಾಗಿ ಕೊಡುತ್ತಾರೆ. ತಾಯಿ ಕಾರ್ಡು ತೆಗೆದು ನೋಡಿ, ಬಾಕಿ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ದೊಡ್ಡವರು ಯಾವಾಗ ತೋರಿಸಬೇಕು?

ಉಸಿರಾಡಲು ಕಷ್ಟ, ಎದೆನೋವು, ಕಫದಲ್ಲಿ ರಕ್ತ ಇದ್ದರೆ ಕೂಡಲೇ ಹೋಗಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, ಕ್ಷಯದ ಪರೀಕ್ಷೆ, ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಮಳೆಗಾಲದಲ್ಲಿ ಮೂಗು ಸೋರದೆ ಬರೇ ಜ್ವರ ಬಂದರೆ ಅದು ಶೀತ ಎಂದು ತಿಳಿಯಬೇಡಿ. ಗದ್ದೆ, ತೋಡಿನ ನೀರಿನಲ್ಲಿ ಕೆಲಸ ಮಾಡಿದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಇದ್ದರೆ ಇಲಿಜ್ವರ ಇರಬಹುದು. ಡೆಂಗ್ಯೂ, ಮಲೇರಿಯಾ ಕೂಡ ಇದೇ ಸಮಯದಲ್ಲಿ ಬರುತ್ತದೆ. ಇವುಗಳಿಗೆ ಕಷಾಯ ಮದ್ದಲ್ಲ, ರಕ್ತ ಪರೀಕ್ಷೆ ಆಗಬೇಕು. ವಯಸ್ಸಾದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯದ ಕಾಯಿಲೆ ಇದ್ದವರು, ಗರ್ಭಿಣಿಯರು ಶೀತದೊಂದಿಗೆ ಜ್ವರ ಬಂದರೆ ಬೇಗ ತೋರಿಸಿಕೊಳ್ಳಬೇಕು.

ಸಂಘದಲ್ಲಿ ನಾವು ಮಾಡಬಹುದಾದದ್ದು

1. ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಇಟ್ಟು, ಸದಸ್ಯೆಯರ ಮಕ್ಕಳಲ್ಲಿ ಒಬ್ಬರ ಉಸಿರನ್ನು ಎಲ್ಲರೂ ಎಣಿಸಿ ಕಲಿಯಿರಿ. ಅಜ್ಜಿಯಂದಿರನ್ನೂ ಕರೆಯಿರಿ. ನಾವು ಕೆಲಸಕ್ಕೆ ಹೋದಾಗ ಮಗು ಇರುವುದು ಅವರ ಕೈಯಲ್ಲಿ.
2. 60, 50, 40 ಎಂಬ ಲೆಕ್ಕವನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ.
3. ರಾತ್ರಿ ಬರುವ ಆಟೋ, ಜೀಪಿನವರ ನಂಬರು, ಆಶಾ ಕಾರ್ಯಕರ್ತೆಯ ನಂಬರು ಎಲ್ಲರ ಮನೆಯಲ್ಲಿ ಇರಲಿ.
4. ಆಸ್ಪತ್ರೆಯ ತುರ್ತಿಗೆ ಸಭೆಯವರೆಗೆ ಕಾಯದೆ ಸಾಲ ಕೊಡುವ ಬಗ್ಗೆ ಈಗಲೇ ನಿರ್ಣಯ ಮಾಡಿಡಿ. ಕೈಯಲ್ಲಿ ಹಣ ಇಲ್ಲ ಎಂಬ ಕಾರಣಕ್ಕೆ ಯಾವ ತಾಯಿಯೂ ಮನೆಯಲ್ಲಿ ಉಳಿಯಬಾರದು.

ನಮ್ಮ ಹಿರಿಯರ ಕಷಾಯವನ್ನು ಬಿಡುವುದು ಬೇಡ, ಮಕ್ಕಳಿಗೂ ಕಲಿಸೋಣ. ಅದು ಎಲ್ಲಿಯವರೆಗೆ ಸಾಕು ಎಂಬುದನ್ನೂ ಜೊತೆಗೇ ಕಲಿಸೋಣ. ಓದಲು ಬಾರದ ಸದಸ್ಯೆಯರಿಗೆ ಈ ಕರಪತ್ರವನ್ನು ದಯವಿಟ್ಟು ಓದಿ ಹೇಳಿ.